ಜರಿದ ಬರೆ: ಕೊಡಗಿನ ಇಳಿಜಾರು, 2018ರ ಆಗಸ್ಟ್

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯಲ್ಲಿ ಬರೆ ಇಲ್ಲದ ತಿರುವು ಸಿಗುವುದು ಕಷ್ಟ. ಬರೆ ಅಂದರೆ ಏನೆಂದು ಕೊಡಗಿನವರಿಗೆ, ಸುಳ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯವರಿಗಾಗಿ ಹೇಳುತ್ತೇನೆ: ರಸ್ತೆಗೋ ಮನೆಗೋ ಗುಡ್ಡ ಕಡಿದಾಗ, ಇಲ್ಲವೇ ಹೊಳೆ ಕೊರೆದಾಗ, ನೆಟ್ಟಗೆ ನಿಂತುಬಿಡುವ ಮಣ್ಣಿನ ಗೋಡೆ ಅದು. ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಬರೆ ಜರಿಯುವುದು ಆ ಕಡೆ ಹೊಸ ಸುದ್ದಿಯಲ್ಲ. ಜೆಸಿಬಿ ಬರುತ್ತದೆ, ಮಣ್ಣನ್ನು ಬದಿಗೆ ತಳ್ಳುತ್ತದೆ, ಬಸ್ಸು ಮತ್ತೆ ಓಡುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಮಾತ್ರ ಜೆಸಿಬಿ ಬರುವುದಕ್ಕೂ ದಾರಿ ಉಳಿದಿರಲಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಹೆಮ್ಮೆತ್ತಾಳು, ಕಾಲೂರು, ದೇವಸ್ತೂರು, ಉದಯಗಿರಿ, ಮದೆನಾಡು, ಜೋಡುಪಾಲ, ಮೊಣ್ಣಂಗೇರಿ. ಮೂರು ದಿನದೊಳಗೆ ಇಷ್ಟೂ ಊರುಗಳ ಗುಡ್ಡಗಳು ಮೈಬಿಟ್ಟವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಆಮೇಲೆ ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಕುಸಿತಗಳನ್ನು ಪರಿಶೀಲಿಸಿದರು. ಸುಮಾರು 20 ಜೀವಗಳು ಹೋದವು. ಮನೆ, ತೋಟ, ಗದ್ದೆ ಕಳೆದುಕೊಂಡು ಸಾವಿರಾರು ಮಂದಿ ಪರಿಹಾರ ಕೇಂದ್ರಗಳಿಗೆ ಬಂದರು.

ನಾನು ಭೂವಿಜ್ಞಾನ ಪಾಠ ಮಾಡುವವನು. ಆ ವರ್ಷ ಮಳೆ ನಿಂತ ಮೇಲೆ, ತುಲಾ ಸಂಕ್ರಮಣ ಕಳೆದು, ಮದೆನಾಡಿನಿಂದ ಜೋಡುಪಾಲದವರೆಗೂ ಆಮೇಲೆ ಮಕ್ಕಂದೂರಿನ ಆಚೆಗೂ ನಡೆದು ನೋಡಿಬಂದೆ. ಅಲ್ಲಿಯವರೆಗೆ ನಾನೂ ತರಗತಿಯ ಹಲಗೆಯ ಮೇಲೆ ಎಲ್ಲರಂತೆ ಎರಡು ಸಾಲು ಬರೆಯುತ್ತಿದ್ದೆ. ಭೂಮಿಯ ಮೇಲ್ಮೈಯನ್ನು ನಿಧಾನವಾಗಿ ಬದಲಿಸುವ ಶಕ್ತಿಗಳು ಒಂದು ಕಡೆ: ಶಿಥಿಲೀಕರಣ, ಸವಕಳಿ, ಹೂಳು ತುಂಬುವುದು. ವೇಗವಾಗಿ ಬದಲಿಸುವವು ಇನ್ನೊಂದು ಕಡೆ: ಭೂಕಂಪ, ಜ್ವಾಲಾಮುಖಿ, ಭೂಕುಸಿತ. ಪರೀಕ್ಷೆಗೆ ಅನುಕೂಲವಾದ ಪಟ್ಟಿ ಅದು. ಜರಿದ ಬೆಟ್ಟದ ಕೆಳಗೆ ನಿಂತು ಮೇಲೆ ನೋಡಿದ ಮೇಲೆ ಆ ಎರಡು ಸಾಲುಗಳ ನಡುವೆ ಗೆರೆ ಎಳೆಯಲು ನನ್ನ ಕೈ ಬಂದಿಲ್ಲ. ಏಕೆ ಬಂದಿಲ್ಲ ಎಂಬುದನ್ನು ಆ ಇಳಿಜಾರಿನ ಕತೆಯನ್ನೇ ಹೇಳಿ ತೋರಿಸಬೇಕು.

ಗಾಯದ ಒಳಗೆ

ಬೆಟ್ಟ ಜರಿದ ಜಾಗವನ್ನು ದೂರದಿಂದ ನೋಡಿದರೆ ಹಸಿರಿನ ನಡುವೆ ಕೆಂಪು ಗೀರು. ಹತ್ತಿರ ಹೋದರೆ ಅದು ಬರೀ ಕೆಂಪಲ್ಲ. ಮೇಲೆ ಒಂದೆರಡು ಅಡಿ ಕಪ್ಪು ಮಣ್ಣು, ಕಾಫಿಯ ಬೇರು, ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರದ ಬೇರು, ದಶಕಗಳಿಂದ ಕೊಳೆತ ತರಗೆಲೆ. ಅದರ ಕೆಳಗೆ ಇಟ್ಟಿಗೆ ಬಣ್ಣದ ಮಣ್ಣು, ಕಬ್ಬಿಣದ ತುಕ್ಕಿನಿಂದ ಬಂದ ಕೆಂಪು. ಇನ್ನೂ ಕೆಳಗೆ ಹಳದಿ, ಆಮೇಲೆ ಬಿಳಿ ಬೆರೆತ ಗುಲಾಬಿ. ಈ ಕೊನೆಯ ಪದರದ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೆ. ನೋಡಲು ಬಂಡೆ. ಬಂಡೆಯಲ್ಲಿರುವ ಪಟ್ಟೆಗಳು, ಬಿರುಕುಗಳು, ಹರಳುಗಳ ಸಾಲು ಎಲ್ಲವೂ ಇದ್ದಲ್ಲೇ ಇವೆ. ಆದರೆ ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತದೆ. ಒಂದು ಹಿಡಿ ಕಿತ್ತು ಅಂಗೈಯಲ್ಲಿ ಉಜ್ಜಿದೆ. ಬೆಣ್ಣೆಯಂತೆ ನುಣುಪಾದ ಬಿಳಿ ಜೇಡಿ ಬೆರಳಿಗೆ ಹತ್ತಿತು, ನಡುವೆ ಸಕ್ಕರೆ ಹರಳಿನಂಥ ಬೆಣಚುಕಲ್ಲಿನ ಕಣಗಳು ಚುಚ್ಚಿದವು, ಅಭ್ರಕದ ಚೂರುಗಳು ಬಿಸಿಲಿಗೆ ಮಿನುಗಿದವು.

ಇದನ್ನು ಕೊಳೆತ ಬಂಡೆ ಎಂದು ಕರೆಯಬಹುದು. ಆಕಾರ ಬಂಡೆಯದು, ಗಟ್ಟಿತನ ಮಣ್ಣಿನದು. ಕೊಡಗಿನ ತಳದಲ್ಲಿರುವುದು ಭಾರತದ ಅತಿ ಹಳೆಯ ಶಿಲೆಗಳ ಸಾಲಿಗೆ ಸೇರಿದ್ದು. 300 ಕೋಟಿ ವರ್ಷಕ್ಕೂ ಹಿಂದಿನ ನೈಸ್, ಚಾರ್ನೊಕೈಟ್. ದೇವಸ್ಥಾನದ ಮೆಟ್ಟಿಲಿಗೆ ಹಾಕಿದರೆ ತಲೆಮಾರುಗಟ್ಟಲೆ ತುಳಿದರೂ ಸವೆಯದ ಕಲ್ಲು. ಅದನ್ನು ಹಿಟ್ಟು ಮಾಡಿದ್ದು ಮಳೆನೀರು. ಮಳೆಯ ಹನಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬೀಳುತ್ತದೆ. ತರಗೆಲೆ ಕೊಳೆಯುವ ಮಣ್ಣಿನಲ್ಲಿ ಇಳಿಯುವಾಗ ಇನ್ನಷ್ಟು ಸೇರಿಸಿಕೊಳ್ಳುತ್ತದೆ. ಹೀಗೆ ತೀರಾ ತೆಳುವಾದ ಆಮ್ಲವಾದ ನೀರು ಬಂಡೆಯ ಸಂದಿಯಲ್ಲಿ ಇಳಿದು ಫೆಲ್ಡ್‌ಸ್ಪಾರ್ ಹರಳನ್ನು ಮುಟ್ಟುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಕರಗಿ ಹೊಳೆಗೆ ಹೋಗುತ್ತವೆ. ಹಿಂದೆ ಉಳಿಯುವುದು ಕೆಯೊಲಿನ್, ಅಂದರೆ ನನ್ನ ಬೆರಳಿಗೆ ಹತ್ತಿದ ಆ ಬಿಳಿ ಜೇಡಿ. ಬೆಣಚುಕಲ್ಲಿಗೆ ಈ ನೀರು ಏನೂ ಮಾಡಲಾರದು, ಹಾಗಾಗಿ ಅದು ಕಣಕಣವಾಗಿ ಉಳಿಯುತ್ತದೆ. ಕಬ್ಬಿಣ ತುಕ್ಕು ಹಿಡಿದು ಮೇಲಿನ ಪದರಕ್ಕೆಲ್ಲ ಬಣ್ಣ ಬಳಿಯುತ್ತದೆ.

ಈ ಕೆಲಸಕ್ಕೆ ಬೇಕಾದದ್ದು ಎರಡೇ: ನೀರು ಮತ್ತು ಬಿಸುಪು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ. ಚಳಿ ಎಂದರೂ ಹಿಮ ಕಟ್ಟುವ ಚಳಿಯಲ್ಲ. ಲಕ್ಷಾಂತರ ವರ್ಷ ಇದೇ ನಡೆದರೆ ಬಂಡೆ ಮೇಲಿನಿಂದ ಕೆಳಕ್ಕೆ ಕೊಳೆಯುತ್ತ ಹೋಗುತ್ತದೆ, ಕೆಲವೆಡೆ ಹತ್ತಿಪ್ಪತ್ತು ಮೀಟರ್ ಆಳದವರೆಗೆ. ನಡುನಡುವೆ ಕೊಳೆಯದೆ ಉಳಿದ ಬಂಡೆಯ ತುಂಡುಗಳು ಈರುಳ್ಳಿ ಸಿಪ್ಪೆಯಂತೆ ಸುತ್ತಲೂ ಸುಲಿಯುತ್ತ ಗುಂಡಗಾಗಿ ಮಣ್ಣಿನಲ್ಲಿ ಹೂತುಕೊಂಡಿರುತ್ತವೆ. ಕುಸಿತ ನಡೆದ ಕಡೆ ಆನೆಗಾತ್ರದ ಉಂಡೆಬಂಡೆಗಳು ಗದ್ದೆಯಲ್ಲಿ ಬಿದ್ದಿದ್ದನ್ನು ಪತ್ರಿಕೆಗಳಲ್ಲಿ ನೋಡಿದವರು, ಅವು ಉರುಳಿ ಉರುಳಿ ಗುಂಡಗಾದವು ಅಂದುಕೊಂಡಿರಬಹುದು. ಇಲ್ಲ, ಅವು ಬೆಟ್ಟದ ಹೊಟ್ಟೆಯಲ್ಲೇ ಗುಂಡಗಾಗಿದ್ದವು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಂಡೆ ಕೊಳೆಯುವಾಗ ಹೊರಗೆ ಏನೂ ಕಾಣುವುದಿಲ್ಲ. ಬೆಟ್ಟದ ಎತ್ತರ ಕುಗ್ಗುವುದಿಲ್ಲ, ಆಕಾರ ಬದಲಾಗುವುದಿಲ್ಲ, ಮೇಲೆ ಕಾಡು ಇನ್ನಷ್ಟು ಹುಲುಸಾಗಿ ಬೆಳೆಯುತ್ತದೆ. ಕಾಫಿ, ಏಲಕ್ಕಿ, ಕರಿಮೆಣಸು ಇಷ್ಟು ಚೆನ್ನಾಗಿ ಬರುವುದು ಆ ಆಳವಾದ ಮಣ್ಣಿನ ದಯೆಯಿಂದಲೇ. ಒಳಗಿನ ಬಲ ಮಾತ್ರ ವರ್ಷದಿಂದ ವರ್ಷಕ್ಕೆ ಒಂದೊಂದು ಹರಳಿನಷ್ಟು ಕಡಿಮೆಯಾಗುತ್ತ ಬರುತ್ತದೆ.

ಇಷ್ಟು ಕಡಿದಾದ ಬೆಟ್ಟ ಎಲ್ಲಿಂದ ಬಂತು

ಮಣ್ಣು ಎಷ್ಟೇ ಆಳವಿದ್ದರೂ ಬಯಲಿನಲ್ಲಿದ್ದರೆ ಜರಿಯುವ ಮಾತಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆಗೆ ಬಂದರೆ ಅದರಲ್ಲಿ ಸುಮಾರು ಸಾವಿರ ಮೀಟರ್ ಇಳಿದಿರುತ್ತೀರಿ. ರಸ್ತೆಯ ದೂರ ಮೂವತ್ತು ಕಿಲೋಮೀಟರಿನೊಳಗೆ, ನೇರ ಗೆರೆ ಎಳೆದರೆ ಇನ್ನೂ ಕಡಿಮೆ. ಈ ಮೆಟ್ಟಿಲು ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ, ಮತ್ತು ಅದಕ್ಕೆ ಕಾರಣ ಒಂದು ದೊಡ್ಡ ಅಗಲಿಕೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಜ್ವಾಲಾಮುಖಿಯವು. ಆಮೇಲೆ ಸುಮಾರು 6.5 ಕೋಟಿ ವರ್ಷಗಳ ಹಿಂದೆ ಸೇಶೆಲ್ಸ್ ಅಗಲಿತು. ಹರಿದ ಅಂಚು ಎತ್ತರದಲ್ಲಿ ಉಳಿಯಿತು, ಪಶ್ಚಿಮದ ಕಡೆ ಸಮುದ್ರ ಬಂತು. ಆ ಅಂಚನ್ನು ಅಂದಿನಿಂದಲೂ ಪಶ್ಚಿಮಕ್ಕೆ ಹರಿಯುವ ಹೊಳೆಗಳು ಕೊರೆಯುತ್ತಲೇ ಇವೆ.

ಜೋಡುಪಾಲದ ಕಣಿವೆ ಪಯಸ್ವಿನಿಯ ಮೇಲ್ತಲೆ. ಅಲ್ಲಿ ಬಿದ್ದ ಮಳೆ ಸುಳ್ಯ ದಾಟಿ ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಗುಡ್ಡದ ಆಚೆ ಮಗ್ಗುಲಲ್ಲಿ ಬಿದ್ದದ್ದು ಹಟ್ಟಿಹೊಳೆ, ಹಾರಂಗಿ ಮೂಲಕ ಕಾವೇರಿಗೆ ಸೇರಿ, ಏಳೆಂಟುನೂರು ಕಿಲೋಮೀಟರ್ ಹರಿದು ಬಂಗಾಳಕೊಲ್ಲಿಗೆ. ಪಶ್ಚಿಮದ ಹೊಳೆಗಳಿಗೆ ದಾರಿ ಗಿಡ್ಡ, ಇಳಿತ ಜಾಸ್ತಿ. ಹಾಗಾಗಿ ಕೊರೆಯುವ ಶಕ್ತಿಯೂ ಜಾಸ್ತಿ. ಹೊಳೆ ತಳವನ್ನು ಕೊರೆದಂತೆ ಇಕ್ಕೆಲದ ಗುಡ್ಡದ ಕಾಲು ಕಡಿದಾಗುತ್ತ ಬರುತ್ತದೆ. ಗುಡ್ಡದ ಮೈ ತಡೆಯುವಷ್ಟು ಕಾಲ ತಡೆಯುತ್ತದೆ.

ಘಟ್ಟ ಎಷ್ಟು ವೇಗವಾಗಿ ಸವೆಯುತ್ತಿದೆ ಎಂಬುದನ್ನು ನದಿ ಮರಳಿನ ಬೆಣಚುಕಲ್ಲಿನಲ್ಲಿ ಸೇರಿಕೊಂಡ ಬೆರಿಲಿಯಂ-10 ಎಂಬ ವಿರಳ ಪರಮಾಣುವನ್ನು ಅಳೆದು ಅಂದಾಜು ಮಾಡುತ್ತಾರೆ. ಬಾಹ್ಯಾಕಾಶದಿಂದ ಬರುವ ಕಿರಣಗಳು ನೆಲದ ಮೇಲ್ಪದರದ ಹರಳುಗಳಲ್ಲಿ ಇದನ್ನು ಹುಟ್ಟಿಸುತ್ತವೆ. ನಿಧಾನವಾಗಿ ಸವೆಯುವ ನೆಲದ ಮರಳಿನಲ್ಲಿ ಇದು ಹೆಚ್ಚು, ಬೇಗ ಸವೆಯುವ ನೆಲದ್ದರಲ್ಲಿ ಕಡಿಮೆ. ಹಾಗೆ ಅಳೆದಾಗ ಘಟ್ಟದ ಕಡಿದಾದ ಅಂಚು ಹತ್ತು ಲಕ್ಷ ವರ್ಷಕ್ಕೆ ಹತ್ತಾರು ಮೀಟರ್ ಸವೆಯುತ್ತದೆ ಎಂದು ಬರುತ್ತದೆ. ಸಾವಿರ ವರ್ಷಕ್ಕೆ ಲೆಕ್ಕ ಹಾಕಿದರೆ ಕೆಲವೇ ಸೆಂಟಿಮೀಟರ್, ನಾಲ್ಕೈದು ಬೆರಳು ಅಡ್ಡ ಇಟ್ಟಷ್ಟು.

ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇದಕ್ಕೆ ಮತ್ತೆ ಬರುತ್ತೇನೆ.

ಆ ಮಳೆ

2018ರಲ್ಲಿ ಮಳೆ ಬೇಗ ಹಿಡಿಯಿತು. ಜೂನ್ ಎರಡನೇ ವಾರದಲ್ಲೇ ಮಾಕುಟ್ಟದ ದಾರಿಯಲ್ಲಿ ಗುಡ್ಡ ಜರಿದು ಕೇರಳದ ಕಡೆಯ ಸಂಚಾರ ನಿಂತಿತ್ತು. ಜುಲೈ ಪೂರ್ತಿ ಬಿಡುವು ಕೊಡದೆ ಸುರಿಯಿತು. ಆಗಸ್ಟ್ ಹೊತ್ತಿಗೆ ಮಣ್ಣು ಕುಡಿಯುವಷ್ಟು ಕುಡಿದಾಗಿತ್ತು. ಕಕ್ಕಡ ತಿಂಗಳ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ, ಮಳೆ ಎಂದರೆ ಕೊಡಗಿನವರಿಗೆ ಹೆದರಿಕೆಯಿಲ್ಲ. ಮದ್ದು ಸೊಪ್ಪಿನ ಪಾಯಸ ಉಂಡು ಬೆಚ್ಚಗಿರುವ ಕಾಲ ಅದು. ಆ ವರ್ಷ ಕಕ್ಕಡ ಮುಗಿಯುವ ಹೊತ್ತಿಗೇ ನಿಜವಾದ ಮಳೆ ಶುರುವಾಯಿತು. ಆಗಸ್ಟ್ 15ರಿಂದ 17ರವರೆಗೆ, ಕೇರಳವನ್ನು ಮುಳುಗಿಸಿ 400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಅದೇ ಮೋಡಗಳು ಕೊಡಗಿನ ಮೇಲೂ ನಿಂತವು. ಮಡಿಕೇರಿ ಸುತ್ತಮುತ್ತ ಒಂದೇ ದಿನದಲ್ಲಿ 300 ಮಿ.ಮೀ. ಆಸುಪಾಸಿನ ಮಳೆಯಾಯಿತು. ಆ ತಿಂಗಳ ಒಟ್ಟು ಮಳೆ 1,500 ಮಿ.ಮೀ. ದಾಟಿ 1931ರ ಆಗಸ್ಟಿನ ದಾಖಲೆಯನ್ನು ಮುರಿಯಿತು.

ಒಂದು ದಿನಕ್ಕೆ 300 ಮಿ.ಮೀ. ಎಂದರೆ ಎಷ್ಟು ನೀರು? ಒಂದು ಎಕರೆ ತೋಟದ ಮೇಲೆ ಸುಮಾರು 12 ಲಕ್ಷ ಲೀಟರ್. ಊರಿನ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ನೂರು ಟ್ಯಾಂಕರ್, ಒಂದೇ ಎಕರೆಗೆ, ಒಂದೇ ದಿನ. ಒಂದಷ್ಟು ಮೇಲೆಯೇ ಹರಿದುಹೋಗುತ್ತದೆ. ಉಳಿದದ್ದು ಇಳಿಯಲೇಬೇಕು.

ಇಳಿದ ನೀರು ಏನು ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಲು ನಾನು ಒಂದು ಬಕೆಟ್ ಮರಳು ತರಿಸುತ್ತೇನೆ. ಒಣ ಮರಳಿನಲ್ಲಿ ಗೋಪುರ ಕಟ್ಟಲಾಗದು. ಸ್ವಲ್ಪ ನೀರು ಚಿಮುಕಿಸಿದರೆ ಚೆನ್ನಾಗಿ ನಿಲ್ಲುತ್ತದೆ, ಏಕೆಂದರೆ ಕಣಗಳ ನಡುವಿನ ತೆಳುನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಇನ್ನೂ ನೀರು ಸುರಿಯುತ್ತ ಹೋದರೆ ಒಂದು ಹಂತದಲ್ಲಿ ಗೋಪುರ ಕುಸಿಯುವುದಲ್ಲ, ಹರಿಯುತ್ತದೆ. ಮಣ್ಣಿನ ಸಂದುಗಳೆಲ್ಲ ತುಂಬಿ, ನೀರಿಗೆ ಹೋಗಲು ಜಾಗವಿಲ್ಲದಾಗ ಅದು ಕಣಗಳನ್ನು ಒತ್ತಿ ದೂರ ತಳ್ಳುತ್ತದೆ. ಒಂದರ ಮೇಲೊಂದು ಭಾರ ಹಾಕಿ ಉಜ್ಜಿಕೊಂಡು ನಿಂತಿದ್ದ ಕಣಗಳು ಈಗ ನೀರಿನ ಮೇಲೆ ತೇಲಿದಂತಾಗುತ್ತವೆ. ಬೆಟ್ಟವನ್ನು ಹಿಡಿದಿದ್ದದ್ದು ಆ ಉಜ್ಜುವಿಕೆಯೇ. ಅದು ಹೋದರೆ ಹಿಡಿತ ಹೋಯಿತು. ಭಾರವೂ ಕೂಡಿಕೊಳ್ಳುತ್ತದೆ ನಿಜ: ಒಂದು ಘನ ಮೀಟರ್ ಒಣ ಮಣ್ಣು ಒಂದೂವರೆ ಟನ್ ತೂಗಿದರೆ ನೀರು ತುಂಬಿದ ಮಣ್ಣು ಎರಡು ಟನ್ನಿಗೆ ಹತ್ತಿರ. ಆದರೂ ಮುಖ್ಯ ಅಪರಾಧಿ ಭಾರವಲ್ಲ, ಒಳಗಿನಿಂದ ಒತ್ತುವ ನೀರು.

ಕೊಡಗಿನ ಬೆಟ್ಟದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಜಾಗವಿದೆ. ಮೇಲಿನ ಕೆಂಪು ಮಣ್ಣು ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಕೆಳಗಿನ ಜೇಡಿ ಬಿಡುವುದಿಲ್ಲ. ಅದಕ್ಕೂ ಕೆಳಗಿನ ಗಟ್ಟಿ ಬಂಡೆ ಬಿಡುವುದೇ ಇಲ್ಲ. ನೀರು ಈ ಗಡಿಯಲ್ಲಿ ಬಂದು ನಿಲ್ಲುತ್ತದೆ, ಜೇಡಿಯನ್ನು ಸೋಪಿನಂತೆ ಜಾರುವಂತೆ ಮಾಡುತ್ತದೆ. ಜರಿದ ಕಡೆಗಳಲ್ಲಿ ಗಾಯದ ತಳ ಎಷ್ಟೋ ಕಡೆ ಈ ಗಡಿಯಲ್ಲೇ ಇತ್ತು.

ಬದುಕಿ ಉಳಿದವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದರು: ಜಲಸ್ಫೋಟ. ಬಾಂಬು ಸಿಡಿದ ಹಾಗೆ ಸದ್ದು ಬಂತು, ಬೆಟ್ಟದ ಹೊಟ್ಟೆ ಒಡೆದು ನೀರು ಚಿಮ್ಮಿತು, ಆಮೇಲೆ ಮಣ್ಣು ಬಂತು. ಪಟ್ಟಣದಿಂದ ಬಂದ ಕೆಲವರು ಇದನ್ನು ಗಾಬರಿಯ ಮಾತು ಎಂದು ತಳ್ಳಿಹಾಕಿದ್ದು ನನಗೆ ಬೇಸರ ತಂದಿತ್ತು. ಒಳಗೆ ಒತ್ತಡದಲ್ಲಿ ಸಿಕ್ಕಿಬಿದ್ದ ನೀರು ಮಣ್ಣಿನ ತಡೆ ಒಡೆದು ಹೊರಬರುವುದನ್ನು ಕಣ್ಣಾರೆ ಕಂಡವರು ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು? ಮರಗಳು ಬೇರು ಸಮೇತ ಮುರಿಯುವ, ಉಂಡೆಬಂಡೆಗಳು ಒಂದಕ್ಕೊಂದು ಬಡಿಯುವ ಸದ್ದೂ ಅದಕ್ಕೆ ಸೇರಿರುತ್ತದೆ. ಆ ಪದ ತಪ್ಪಲ್ಲ. ಅದು ನಡೆದದ್ದರ ನಿಖರ ವರ್ಣನೆ.

ಇನ್ನೊಂದು ಮಾತೂ ಆಗ ಹಬ್ಬಿತ್ತು. ಜುಲೈ 9ರಂದು ಕೊಡಗಿನಲ್ಲಿ 3.4 ತೀವ್ರತೆಯ ಸಣ್ಣ ಭೂಕಂಪನವಾಗಿತ್ತು. ಬೆಟ್ಟ ಸಡಿಲವಾದದ್ದು ಅದರಿಂದಲೇ ಎಂದು ಹಲವರು ನಂಬಿದ್ದರು. ಪರಿಶೀಲನೆಗೆ ಬಂದ ಭೂವಿಜ್ಞಾನಿಗಳು ಮಳೆ ಮತ್ತು ಕಡಿದ ಇಳಿಜಾರುಗಳ ಕಡೆಗೇ ಬೊಟ್ಟು ಮಾಡಿದರು. ನನಗೂ ಹಾಗೇ ಅನ್ನಿಸುತ್ತದೆ. ಅಷ್ಟು ಸಣ್ಣ ಕಂಪನ ಐದು ವಾರದ ಹಿಂದೆ ಆಗಿ ಹೋದದ್ದು. ನೀರಿನ ಒತ್ತಡದ ಮುಂದೆ ಅದರ ಪಾಲು ಹುಡುಕುವುದು ಕಷ್ಟ.

ಮನುಷ್ಯನ ಕೈ ಎಷ್ಟು

ಇದನ್ನು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ. ಬೆಟ್ಟದ ಕಾಲು ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಹೆದ್ದಾರಿ ಅಗಲ ಮಾಡುವಾಗ ಕಡಿದೆವು, ಎಸ್ಟೇಟಿನೊಳಗೆ ರಸ್ತೆ ಮಾಡುವಾಗ ಕಡಿದೆವು, ಐದು ಸೆಂಟು ಸಮತಟ್ಟು ಜಾಗಕ್ಕಾಗಿ ಬರೆ ತೆಗೆದು ಅದರ ಬುಡಕ್ಕೇ ಅಡುಗೆಮನೆಯ ಗೋಡೆ ಕಟ್ಟಿದೆವು, ಹೋಮ್‌ಸ್ಟೇಗೆಂದು ಜೆಸಿಬಿ ತಂದು ಒಂದೇ ದಿನದಲ್ಲಿ ಗುಡ್ಡದ ಅಂಚನ್ನು ಮಟ್ಟಮಾಡಿದೆವು. ಹಿಂದಿನವರೂ ಬೆಟ್ಟ ಕಡಿದಿದ್ದರು. ಗುದ್ದಲಿಯಲ್ಲಿ, ವರ್ಷಗಟ್ಟಲೆ, ಮಣ್ಣು ಕೂತುಕೊಳ್ಳಲು ಸಮಯ ಕೊಟ್ಟು. ಅವರ ಐನ್‌ಮನೆಗಳು, ಅಂದರೆ ಕುಟುಂಬದ ಮೂಲಮನೆಗಳು, ಎಲ್ಲಿವೆ ನೋಡಿ: ಬಹಳಷ್ಟು ಕಡೆ ಗದ್ದೆಯ ಬದಿಯ ಮೆಲು ಏರಿನಲ್ಲಿ, ಕಡಿದಾದ ಕೊಲ್ಲಿಯ, ಅಂದರೆ ಗುಡ್ಡಗಳ ನಡುವಿನ ಕಿರುಕಣಿವೆಯ, ಬಾಯಿಗೆ ಎದುರಾಗಿ ಅಲ್ಲ.

ನೀರಿನ ದಾರಿ ಮುಚ್ಚಿದ್ದು ಇನ್ನೊಂದು. ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ತೋಡಿಗೆ ಮಣ್ಣು ತುಂಬಿದರೆ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಮಳೆ ಹಿಡಿದಾಗ ಹೊರಗೆ ಹೋಗಬೇಕಿದ್ದ ಆ ನೀರು ಗುಡ್ಡದ ಒಳಕ್ಕೆ ದಾರಿ ಹುಡುಕುತ್ತದೆ.

ಹಾಗಂತ ಎಲ್ಲವನ್ನೂ ಇದರ ಮೇಲೆ ಹಾಕಿದರೆ ಬೆಟ್ಟವನ್ನು ಅರ್ಥ ಮಾಡಿಕೊಂಡಂತಾಗದು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಸಾಲಿನಲ್ಲಿ ಗುಡ್ಡ ಜರಿದು ದೇವಸ್ಥಾನದ ಅರ್ಚಕರ ಮನೆಯನ್ನು ಒಯ್ದಿತು, ಐವರು ಹೋದರು. ಆ ಬೆಟ್ಟ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಬೆಳೆಯುವ ಶೋಲಾ ಎಂಬ ನಿತ್ಯಹಸಿರು ಕಾಡು ಇರುವಂಥದ್ದು. ಮರದ ಬೇರು ಮೇಲಿನ ಎರಡು ಮೂರು ಮೀಟರ್ ಮಣ್ಣನ್ನು ಚೆನ್ನಾಗಿ ಹೆಣೆದು ಹಿಡಿಯುತ್ತದೆ. ಸಣ್ಣ ಕುಸಿತ ಎಷ್ಟನ್ನೋ ಅದು ತಡೆದಿದೆ. ಜಾರುವ ಗಡಿ ಎಂಟು ಹತ್ತು ಮೀಟರ್ ಆಳದಲ್ಲಿದ್ದರೆ ಕಾಡು ಕಾಡಾಗಿಯೇ, ಮರಗಳು ನಿಂತ ಹಾಗೆಯೇ, ಕೆಳಗೆ ಬರುತ್ತದೆ. ಜೋಡುಪಾಲದ ಕೆಳಗಿನ ಹೊಳೆಯಲ್ಲಿ ನಾನು ನೋಡಿದ ಮರದ ರಾಶಿಯಲ್ಲಿ ತೋಟದ ಸಿಲ್ವರ್ ಮರವೂ ಇತ್ತು, ಕಾಡಿನ ದೊಡ್ಡ ಮರಗಳೂ ಇದ್ದವು. ಸಿಪ್ಪೆ ಸುಲಿದು ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು.

ಬಿದ್ದ ಮಣ್ಣು ಎಲ್ಲಿಗೆ ಹೋಯಿತು

ಕುಸಿತದ ಸುದ್ದಿ ಮಣ್ಣು ಕೆಳಗೆ ಬಂದಲ್ಲಿಗೆ ಮುಗಿಯುತ್ತದೆ. ಮಣ್ಣಿನ ಪ್ರಯಾಣ ಅಲ್ಲಿಂದ ಶುರು. ಮೇಲೆ ಗುಡ್ಡದ ತುದಿಯಲ್ಲಿ ಚಮಚದಿಂದ ತೋಡಿದಂಥ ಗುಳಿ, ನಡುವೆ ಕೊಲ್ಲಿಯಲ್ಲಿ ಬಂಡೆ ಕಾಣುವವರೆಗೆ ಕೆರೆದ ಓಣಿ, ಕೆಳಗೆ ಗದ್ದೆಯ ಮೇಲೆ ಬೀಸಣಿಗೆಯಂತೆ ಹರಡಿದ ಕಲ್ಲುಮಣ್ಣಿನ ದಿಬ್ಬ. ದೊಡ್ಡ ಬಂಡೆಗಳು ಮೊದಲು ನಿಂತವು, ಜಲ್ಲಿ ಇನ್ನಷ್ಟು ದೂರ ಹೋಯಿತು, ಮರಳು ಹೊಳೆಗೆ ಸೇರಿತು, ಜೇಡಿಯ ನುಣ್ಣನೆ ಕೆಸರು ಹಾರಂಗಿ ಜಲಾಶಯವನ್ನು ಕೆಂಪಾಗಿಸಿತು. 300 ಕೋಟಿ ವರ್ಷದ ಬಂಡೆಯಿಂದ ಹೊರಟ ಕೆಸರು ಈಗ ಅಣೆಕಟ್ಟಿನ ಹಿಂದೆ ಹೂಳಾಗಿ ಕೂತಿದೆ. ಪಶ್ಚಿಮದ ಮಗ್ಗುಲಲ್ಲಿ ಪಯಸ್ವಿನಿಗೆ ಬಿದ್ದದ್ದರ ಒಂದು ಪಾಲು ಆ ವಾರದಲ್ಲೇ ಸಮುದ್ರ ಕಂಡಿರಬೇಕು.

ಈಗ ಆ ಅಂಕಿಗೆ ಬರೋಣ. ಘಟ್ಟದ ಅಂಚು ಸಾವಿರ ವರ್ಷಕ್ಕೆ ಐದು ಸೆಂಟಿಮೀಟರ್ ಸವೆಯುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಇಳಿಜಾರಿನಲ್ಲಿ ಹತ್ತು ಮೀಟರ್ ಆಳದ ಮಣ್ಣು ಜರಿದುಹೋದರೆ ಎಷ್ಟು ವರ್ಷದ ಸವಕಳಿ? ಎರಡು ಲಕ್ಷ ವರ್ಷದ್ದು. ಅದು ಒಂದೆರಡು ನಿಮಿಷದಲ್ಲಿ ನಡೆಯಿತು. ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ಸೊನ್ನೆ ತಪ್ಪಿದೆ ಎಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಅಂದರೆ ಆ ಐದು ಸೆಂಟಿಮೀಟರ್ ಎಂಬುದು ವರ್ಷವರ್ಷವೂ ಕೂದಲೆಳೆಯಷ್ಟು ಕೊಚ್ಚಿಹೋಗುವ ಮಣ್ಣಿನ ಲೆಕ್ಕ ಮಾತ್ರ ಆಗಿರಲಾರದು. ಇಂಥ ಕಡಿದಾದ ನೆಲದಲ್ಲಿ ಆ ಸರಾಸರಿಯ ದೊಡ್ಡ ಪಾಲು ಬರುವುದೇ ಕುಸಿತಗಳಿಂದ. ಒಂದು ಇಳಿಜಾರು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ವರ್ಷ ಅಲ್ಲಾಡದೆ ನಿಂತಿರುತ್ತದೆ. ಒಳಗೆ ಬಂಡೆ ಕೊಳೆಯುತ್ತಿರುತ್ತದೆ. ಒಂದು ಆಗಸ್ಟಿನಲ್ಲಿ ಅಷ್ಟೂ ಬಾಕಿಯನ್ನು ಒಟ್ಟಿಗೆ ತೀರಿಸುತ್ತದೆ. ಪಕ್ಕದ ಇಳಿಜಾರಿನ ಸರದಿ ಬೇರೆ ಯಾವಾಗಲೋ. ಎಲ್ಲವನ್ನೂ ಸೇರಿಸಿ ಉದ್ದ ಕಾಲಕ್ಕೆ ಹಂಚಿದಾಗ ನಮಗೆ ಸಿಗುವ ಸಂಖ್ಯೆಯನ್ನು ನಾವು ನಿಧಾನ ಎಂದು ಕರೆಯುತ್ತೇವೆ. ಬಂಡೆ ಕೊಳೆಯದೆ ಕುಸಿತವಿಲ್ಲ. ಕುಸಿತವಿಲ್ಲದೆ ಕೊಳೆತ ಮಣ್ಣು ಸರಿದು ಕೆಳಗಿನ ಹೊಸ ಬಂಡೆಗೆ ಮಳೆನೀರು ಮುಟ್ಟುವುದೂ ಇಲ್ಲ. ನನ್ನ ಹಲಗೆಯ ಎರಡು ಸಾಲು ಒಂದಾದದ್ದು ಹೀಗೆ.

ಮಕ್ಕಂದೂರಿನ ಆಚೆ ಒಂದು ಕಡೆ ಹೊಳೆ ದಾರಿ ಬದಲಿಸಿ ಗದ್ದೆಯ ನಡುವೆಯೇ ಹೊಸ ಕಾಲುವೆ ಕೊರೆದಿತ್ತು. ಆಳುದ್ದದ ಅಂಚು. ಆ ಗದ್ದೆಯ ಯಜಮಾನರು, ಎಪ್ಪತ್ತು ದಾಟಿದವರು, ನನ್ನ ಜೊತೆ ಬಂದಿದ್ದರು. ನಾಟಿ ಮಾಡಿ ತಿಂಗಳಾಗಿದ್ದ ಪೈರಿನ ಮೇಲೆ ಮೊಣಕಾಲು ಮುಳುಗುವಷ್ಟು ಮರಳು, ಕಲ್ಲು. "ಇದು ನಮ್ಮ ಅಜ್ಜನ ಕಾಲದ ಗದ್ದೆ ಮೇಷ್ಟ್ರೇ, ಎಂಥ ಮಣ್ಣು ಅಂತೀರಿ, ಗೊಬ್ಬರವೇ ಬೇಡ," ಎಂದರು. ನಾನು ಕಾಲುವೆಯ ಅಂಚಿಗೆ ಇಳಿದು ನೋಡುತ್ತಿದ್ದೆ. ಮೇಲೆ ಈ ವರ್ಷದ ಮರಳು. ಅದರ ಕೆಳಗೆ ಎರಡಡಿ ಕಪ್ಪು ಗದ್ದೆಮಣ್ಣು, ಭತ್ತದ ಬೇರಿನ ನೂಲುಗಳ ಸಮೇತ. ಅದರ ಕೆಳಗೆ ಬೂದುಬಣ್ಣದ ಜೇಡಿ. ಅದಕ್ಕೂ ಕೆಳಗೆ ಮತ್ತೆ ಕಲ್ಲುಮಣ್ಣು: ಚೂಪುಮೂಲೆಯ ಜಲ್ಲಿ, ಬೆಣಚುಕಲ್ಲು, ನಡುವೆ ಅಡ್ಡಡ್ಡ ಬಿದ್ದ ಒಂದು ಉಂಡೆಬಂಡೆ. ಮೇಲೆ ಈಗ ಬಿದ್ದಿರುವುದರದ್ದೇ ಪಡಿಯಚ್ಚು.

"ಅಜ್ಜ, ಇಲ್ಲಿ ನೋಡಿ. ಇದೂ ಬರೆ ಜರಿದು ಬಂದ ಮಣ್ಣೇ," ಎಂದೆ.

ಅವರು ಬಗ್ಗಿ ನೋಡಿದರು. "ಯಾವಾಗಿನದ್ದು?"

"ನಿಮ್ಮ ಅಜ್ಜನ ಅಜ್ಜನಿಗೂ ಬಹಳ ಹಿಂದಿನದ್ದು. ಇದು ಬಂದು ಕೂತು, ಕೊಲ್ಲಿ ತುಂಬಿ ಮಟ್ಟವಾಗಿ, ಅದರ ಮೇಲೆ ಹೊಳೆ ಕೆಸರು ಹಾಸಿದ ಮೇಲೆಯೇ ಇಲ್ಲಿ ಗದ್ದೆ ಮಾಡಲಿಕ್ಕೆ ಆದದ್ದು."

ಬಹಳ ಹೊತ್ತು ಅವರು ಮಾತಾಡಲಿಲ್ಲ. ಅಂಚಿನಿಂದ ಒಂದು ಹಿಡಿ ಕಪ್ಪು ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ, ಬಿಟ್ಟು, ಮತ್ತೆ ಹಿಂಡಿದರು. ಆಮೇಲೆ ಕೇಳಿದರು: "ಹಾಗಾದರೆ ಮೇಲಿನದ್ದು ಪೂರಾ ಬಂದಾಯ್ತಾ, ಇನ್ನೂ ಬರಲಿಕ್ಕೆ ಉಂಟಾ?"

ಇಬ್ಬರೂ ಹತ್ತಿ ನೋಡಿದೆವು. ಗುಳಿಯ ತಲೆಯಿಂದ ಹದಿನೈದು ಹೆಜ್ಜೆ ಮೇಲೆ, ಕಾಫಿ ಗಿಡಗಳ ನಡುವೆ, ಅರ್ಧಚಂದ್ರಾಕಾರದ ಬಿರುಕು ಇತ್ತು. ಬಿರುಕಿನ ಕೆಳಬದಿ ಒಂದು ಗೇಣು ಕುಸಿದಿತ್ತು. ಆ ಬದಿಯ ಸಿಲ್ವರ್ ಮರಗಳು ಬೆಟ್ಟದ ಕಡೆಗೆ ವಾಲಿದ್ದವು, ಮೇಲಿನವು ನೆಟ್ಟಗಿದ್ದವು. ಕಾಲಡಿಯ ಮಣ್ಣು ಸರಿಯುವಾಗ ಹಿಂದಕ್ಕೆ ತಿರುಗಿಕೊಂಡು ಕೂರುತ್ತದೆ, ಅದಕ್ಕೇ ಮರ ಮೇಲ್ಮುಖವಾಗಿ ವಾಲುವುದು. ಅವರಿಗೆ ಹೇಳಬೇಕಾದದ್ದನ್ನೆಲ್ಲ ಅಲ್ಲೇ ಹೇಳಿದೆ. ಬಿರುಕಿಗೆ ಮಳೆನೀರು ಇಳಿಯದಂತೆ ಜೇಡಿ ತುಂಬಿ ಮುಚ್ಚಬೇಕು, ಮೇಲಿನ ನೀರನ್ನು ಚರಂಡಿ ತೆಗೆದು ಬದಿಯ ತೋಡಿಗೆ ತಿರುಗಿಸಬೇಕು. ಜೂನ್ ಬಂದ ಮೇಲೆ ಅಂಗಳದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ಮನೆಯ ಬಾಗಿಲು ಚೌಕಟ್ಟಿಗೆ ಹೊಂದದೆ ಬಿಗಿಯಾದರೆ, ಗೋಡೆಯಲ್ಲಿ ಓರೆ ಬಿರುಕು ಬಂದರೆ, ಎಲ್ಲಕ್ಕಿಂತ ಮುಖ್ಯವಾಗಿ ತುಂಬಿ ಹರಿಯುವ ಹೊಳೆ ಮಳೆಯ ನಡುವೆ ಸಣ್ಣಗಾದರೆ, ದನ ಬಿಚ್ಚಿ ಬಿಟ್ಟು ಹೊರಡಬೇಕು. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಎಂದರ್ಥ ಅದು. ಹೊಳೆಯ ಕೆಳಕ್ಕೆ ಓಡಬಾರದು, ಅಡ್ಡಕ್ಕೆ, ಪಕ್ಕದ ದಿಣ್ಣೆಗೆ ಏರಬೇಕು.

ಮರುವರ್ಷ, 2019ರ ಆಗಸ್ಟಿನಲ್ಲಿ, ವಿರಾಜಪೇಟೆಯ ಕಡೆ ತೋರ ಗ್ರಾಮದಲ್ಲಿ ಗುಡ್ಡ ಜರಿದು ಮತ್ತೆ ಸಾವು ನೋವುಗಳಾದವು. ಆ ಸುದ್ದಿ ಬಂದ ದಿನ ನಾನು ಮಕ್ಕಂದೂರಿಗೆ ಫೋನು ಮಾಡಿದೆ. ಅವರ ಮಗ ಎತ್ತಿದರು. ಮನೆ ಖಾಲಿ ಮಾಡಿ ಜುಲೈಯಲ್ಲೇ ಮಡಿಕೇರಿಯ ಬಾಡಿಗೆ ಮನೆಗೆ ಬಂದಿದ್ದರಂತೆ. ಬಿರುಕಿಗೆ ಜೇಡಿ ತುಂಬಿದ್ದರು, ಚರಂಡಿಯೂ ತೆಗೆದಿದ್ದರು. ಆ ಮಳೆಗಾಲ ಗುಡ್ಡ ಇನ್ನೆರಡು ಗೇಣು ಇಳಿದು ನಿಂತಿತು.

ಕಳೆದ ಸಲ ನಾನು ಹೋದಾಗ ಗಾಯದ ಕೆಳಗಿನ ಅರ್ಧಕ್ಕೆ ಹುಲ್ಲು, ಜರಿಗಿಡ, ಲಂಟಾನ ಮುಚ್ಚಿಕೊಂಡಿದ್ದವು. ಮೇಲಿನ ಅರ್ಧದಲ್ಲಿ ಬೆತ್ತಲೆ ಬಂಡೆ ಹಾಗೇ ಇದೆ, ಅದರ ಮೇಲೆ ಕಲ್ಲುಹೂವಿನ ಬೂದುಬಣ್ಣದ ಚುಕ್ಕೆಗಳು ಕಾಣಿಸಿಕೊಂಡಿವೆ. ಬಂಡೆಯ ಬಿರುಕೊಂದರಲ್ಲಿ ರಾತ್ರಿಯ ಮಳೆಯ ನೀರು ನಿಂತಿತ್ತು. ಗದ್ದೆಯಲ್ಲಿ ಅವರ ಮಗ ಮರಳಿನ ಮೇಲೆಯೇ ಗೆಣಸು ಹಾಕಿದ್ದಾರೆ.